ಒಂದು ಪದದ ಅರ್ಥ, ಒಂದು ಮಾತ್ರೆಯ ಬೆಲೆ

ಔಷಧಿಯ ಬೆಲೆಯನ್ನು ತಯಾರಕರು ಮತ್ತು ಸರಕಾರ ನಿರ್ಧರಿಸುತ್ತಾರೆ ಎಂಬುದು ಸಾಮಾನ್ಯ ತಿಳಿವಳಿಕೆ. ಇವರಿಬ್ಬರ ನಡುವೆ ರೋಗಿಗಳ ಪರವಾದ ಸಂಘಟನೆಗೂ ಸ್ಥಾನವಿದೆಯೆಂಬುದನ್ನು ಗ್ಲಿವೆಕ್ ಮೊಕದ್ದಮೆ ತೋರಿಸಿಕೊಟ್ಟಿತು.

ರಕ್ತದ ಕ್ಯಾನ್ಸರಿನ ಒಂದು ಬಗೆಯಲ್ಲಿ, ವರ್ಣತಂತುಗಳ ಅದಲುಬದಲಿನಿಂದ ಹುಟ್ಟಿದ ವಿಕೃತ ಪ್ರೋಟೀನೊಂದು ಬಿಳಿ ರಕ್ತಕಣಗಳನ್ನು ಅಂಕೆಯಿಲ್ಲದೆ ಹೆಚ್ಚಿಸುತ್ತದೆ. ಇಮ್ಯಾಟಿನಿಬ್ ಎಂಬ ಔಷಧಿ ಆ ಪ್ರೋಟೀನಿನ ಕೆಲಸವನ್ನೇ ತಡೆದು ರೋಗವನ್ನು ಹತೋಟಿಯಲ್ಲಿಡುತ್ತದೆ. ಆದುದರಿಂದ ಬಹುಪಾಲು ರೋಗಿಗಳು ಅದನ್ನು ವರ್ಷಗಟ್ಟಲೆ ಪ್ರತಿದಿನವೂ ಸೇವಿಸಬೇಕು. ಸ್ವಿಸ್ ಕಂಪೆನಿ ನೊವಾರ್ಟಿಸ್‌ನ ಗ್ಲಿವೆಕ್‌ಗೆ ತಿಂಗಳಿಗೆ ಸುಮಾರು 1,20,000 ರೂಪಾಯಿ ಆಗುತ್ತಿತ್ತು. ಭಾರತೀಯ ಕಂಪೆನಿಗಳ ಇದೇ ಔಷಧಿ ಸುಮಾರು 10,000 ರೂಪಾಯಿಗೆ ದೊರೆಯುತ್ತಿತ್ತು.

ಈ ಅಂತರದ ಮೂಲ 1970ರ ಪೇಟೆಂಟ್ ಕಾಯಿದೆಯಲ್ಲಿದೆ. ಅದು ಔಷಧಿಗಲ್ಲದೆ ತಯಾರಿಕೆಯ ವಿಧಾನಕ್ಕೆ ಮಾತ್ರ ಪೇಟೆಂಟ್ ನೀಡುತ್ತಿದ್ದುದರಿಂದ, ಇಲ್ಲಿನ ರಸಾಯನತಜ್ಞರು ಬೇರೆ ಮಾರ್ಗದಿಂದ ಅದೇ ಔಷಧಿಯನ್ನು ತಯಾರಿಸುವ ಕೌಶಲವನ್ನು ಬೆಳೆಸಿಕೊಂಡರು. ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದಕ್ಕನುಸಾರವಾಗಿ 2005ರಲ್ಲಿ ಔಷಧಿಗೇ ಪೇಟೆಂಟ್ ನೀಡುವ ವ್ಯವಸ್ಥೆ ಬಂದಿತು. ಆದರೆ ತಿದ್ದುಪಡಿ ಎರಡು ರಕ್ಷಣೆಗಳನ್ನು ಒದಗಿಸಿತು. ಮೊದಲನೆಯದು, 3(ಡಿ) ಕಲಮು: ಈಗಾಗಲೇ ತಿಳಿದಿರುವ ವಸ್ತುವಿನ ಹೊಸ ರೂಪಕ್ಕೆ, ಅದರ ಗುಣಕಾರಿತ್ವ ಹೆಚ್ಚದ ಹೊರತು, ಪೇಟೆಂಟ್ ಇಲ್ಲ. ಎರಡನೆಯದು, ಪೇಟೆಂಟ್ ನೀಡುವ ಮುನ್ನ ಯಾರು ಬೇಕಾದರೂ ಆಕ್ಷೇಪಣೆ ಸಲ್ಲಿಸಬಹುದು.

ಈ ಎರಡನೆಯ ಅವಕಾಶವನ್ನು ಮುಂಬಯಿಯ ಕ್ಯಾನ್ಸರ್ ಪೇಷಂಟ್ಸ್ ಏಡ್ ಅಸೋಸಿಯೇಷನ್ ಬಳಸಿಕೊಂಡಿತು. ಭಾರತೀಯ ಔಷಧ ಕಂಪೆನಿಗಳೂ ಆಕ್ಷೇಪಿಸಿದವು. ಚೆನ್ನೈಯ ಪೇಟೆಂಟ್ ಕಚೇರಿ 2006ರ ಜನವರಿಯಲ್ಲಿ ನೊವಾರ್ಟಿಸ್‌ನ ಅರ್ಜಿಯನ್ನು ತಿರಸ್ಕರಿಸಿತು. 3(ಡಿ) ಕಲಮಿನ ಸಿಂಧುತ್ವವನ್ನೇ ಪ್ರಶ್ನಿಸಿದ ಕಂಪೆನಿಯ ಅರ್ಜಿಯನ್ನು 2007ರಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯ ವಜಾ ಮಾಡಿತು.

ಅಂತಿಮವಾಗಿ ವ್ಯಾಜ್ಯ ನಿಂತದ್ದು ‘ಗುಣಕಾರಿತ್ವ’ವೆಂಬ ಒಂದು ಪದದ ಅರ್ಥದ ಮೇಲೆ. ಹೊಸ ಸ್ಫಟಿಕ ರೂಪವು ದೇಹಕ್ಕೆ ಶೇಕಡಾ 30ರಷ್ಟು ಹೆಚ್ಚು ಲಭ್ಯವಾಗುತ್ತದೆ ಎಂದು ಕಂಪೆನಿ ವಾದಿಸಿತು. ಔಷಧಿಯ ವಿಷಯದಲ್ಲಿ ಆ ಪದಕ್ಕೆ ರೋಗಶಮನದ ಸಾಮರ್ಥ್ಯವೆಂದೇ ಅರ್ಥ. ಲಭ್ಯತೆ ಹೆಚ್ಚಿದ ಮಾತ್ರಕ್ಕೆ ಅದು ಸಿದ್ಧವಾಗದು ಎಂದು ಸರ್ವೋಚ್ಚ ನ್ಯಾಯಾಲಯ 2013ರ ಏಪ್ರಿಲ್ 1ರಂದು ತೀರ್ಪಿತ್ತಿತು.

ಇದೇ ಹಾದಿಯಲ್ಲಿ, ಕ್ಷಯದಿಂದ ಗುಣಮುಖರಾದ ಇಬ್ಬರು ಮಹಿಳೆಯರೂ ಸೇರಿ ಒಡ್ಡಿದ ಆಕ್ಷೇಪಣೆಯ ಫಲವಾಗಿ, ಬೆಡಾಕ್ವಿಲಿನ್ ಔಷಧಿಯ ಮೇಲಿನ ಸ್ವಾಮ್ಯದ ವಿಸ್ತರಣೆಯ ಕೋರಿಕೆ 2023ರಲ್ಲಿ ಬಿದ್ದುಹೋಯಿತು. ಆದರೂ ಪೇಟೆಂಟಿನ ಕ್ಲಿಷ್ಟ ಭಾಷೆಯನ್ನು ಓದಿ ಪ್ರತಿವಾದ ಹೂಡಬಲ್ಲ ಸಂಘಟನೆಗಳು ವಿರಳ. ಕಾನೂನು ಬಾಗಿಲನ್ನು ತೆರೆದಿಟ್ಟಿದೆ. ಅದನ್ನು ಪ್ರವೇಶಿಸಲು ವಿಜ್ಞಾನದ ತಿಳಿವಳಿಕೆ, ಭಾಷೆಯ ಎಚ್ಚರ ಎರಡೂ ಬೇಕು.