ಆಮೆ ಮರಿಗೆ ರಜಾ ಇಲ್ಲ



ಬೇಸಿಗೆ ರಜಾ ಹತ್ತಿರ ಬಂತು. ನಾವೆಲ್ಲ ಅಜ್ಜಿ ಊರಿಗೆ, ಜಾತ್ರೆಗೆ ಹೊರಡುತ್ತೇವೆ. ಮನೆಯಲ್ಲಿ ಆಮೆ ಮರಿ ಸಾಕಿರುವವರು ಏನು ಮಾಡಬೇಕು? "ಕೆರೇಲಿ ಬಿಟ್ಬಿಡು, ಅದೇ ಬದುಕ್ಕೊಳ್ಳುತ್ತೆ" ಅನ್ನುವವರು ಬಹಳ ಜನ. ಬಿಡುವ ಮುಂಚೆ ಇದನ್ನು ಓದಿ.

ಮೊದಲು ಅದು ಯಾವ ಆಮೆ ಅಂತ ನೋಡಿ. ನಮ್ಮ ಕೆರೆ ಕುಂಟೆಗಳಲ್ಲಿ ಮೆತ್ತನೆ ಚಿಪ್ಪಿನ ಆಮೆ ಇರುತ್ತದೆ. ಅದರ ಹೊಟ್ಟೆಯ ಕಡೆ ಹಿಂಗಾಲು ಮುಚ್ಚಿಕೊಳ್ಳಲು ಬಾಗಿಲಿನಂಥ ಎರಡು ಮಡಿಕೆ ಇವೆ. ಕೆರೆ ಬತ್ತಿದರೆ ಕೆಸರಿನಲ್ಲಿ ಹೂತುಕೊಂಡು ಮಳೆಗೆ ಕಾಯುತ್ತದೆ. ಹೂಳು ಎತ್ತುವಾಗ ಸಿಗುವುದುಂಟು. ಸತ್ತ ಮೀನು, ಬಸವನಹುಳು ತಿಂದು ನೀರು ಕೊಳೆಯದ ಹಾಗೆ ನೋಡಿಕೊಳ್ಳುತ್ತದೆ. ಇನ್ನೊಂದು ಕುರುಚಲು ಕಾಡಿನ ನಕ್ಷತ್ರ ಆಮೆ. ಇದು ನೆಲದ ಆಮೆ, ಹುಲ್ಲು ಸೊಪ್ಪು ತಿನ್ನುತ್ತೆ. ತುಂಬಿದ ತೊಟ್ಟಿಗೆ ಹಾಕಿದರೆ ಮುಳುಗಿ ಸಾಯುತ್ತೆ!

ಇವೆರಡನ್ನೂ ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಹುಲಿ, ಆನೆ ಇರುವ ಮೊದಲನೇ ಪಟ್ಟಿಯಲ್ಲೇ ಇವೂ ಇವೆ. ಈಗಾಗಲೇ ಇಟ್ಟುಕೊಂಡಿದ್ದರೆ ಹೆದರದೆ ಮೇಷ್ಟ್ರಿಗೆ ಹೇಳಿ. ಅರಣ್ಯ ಇಲಾಖೆಯವರಿಗೆ ತಿಳಿಸೋಣ.

ಮೂರನೆಯದು ಬೆಂಗಳೂರಿನ ಮೀನಿನ ಅಂಗಡಿಗಳಿಂದ ತರುವ ಹಸಿರು ಮರಿ. ಕಣ್ಣಿನ ಹಿಂದೆ ಕೆಂಪು ಪಟ್ಟೆ ಇರುತ್ತದೆ. ಅಮೆರಿಕದ ಮಿಸಿಸಿಪ್ಪಿ ನದಿ ಸೀಮೆಯದು. ಮರಿಯಾಗಿದ್ದಾಗ ಮೂರು ಸೆಂಟಿಮೀಟರು, ಬೆಳೆದರೆ ಊಟದ ತಟ್ಟೆಯಷ್ಟು. ಇಪ್ಪತ್ತು ಮೂವತ್ತು ವರ್ಷ ಬದುಕುತ್ತದೆ.

ನಮ್ಮ ಚಿಕ್ಕಪ್ಪ ಇಂಥದ್ದೊಂದು ತಂದುಕೊಟ್ಟಿದ್ದರು. ನಾನು ದಿನಾ ಅನ್ನ ಹಾಕಿ, ಮಂಚದ ಕೆಳಗೆ ನೆರಳಲ್ಲಿ ಇಟ್ಟಿದ್ದೆ. ಚಿಪ್ಪು ಮೆತ್ತಗಾಯಿತು, ಆಮೇಲೆ ಸತ್ತೇ ಹೋಯಿತು. ಸುಣ್ಣದ ಅಂಶ ಮತ್ತು ಬಿಸಿಲು ಇಲ್ಲದಿದ್ದರೆ ಚಿಪ್ಪು ಗಟ್ಟಿಯಾಗಲ್ಲ ಅಂತ ನನಗೆ ಆಮೇಲೆ ಗೊತ್ತಾಯಿತು. ಆದ್ದರಿಂದ ಹೀಗೆ ಮಾಡಿ:

೧. ಮನೆ: ಅಗಲವಾದ ಟಬ್ಬು ಇರಲಿ. ಈಜುವಷ್ಟು ನೀರು, ಹತ್ತಿ ಮೈ ಒಣಗಿಸಿಕೊಳ್ಳಲು ಒಂದು ಕಲ್ಲು. ಬೆಳಗಿನ ಎಳೆ ಬಿಸಿಲು ಬೀಳಬೇಕು, ಒಂದು ಪಕ್ಕ ನೆರಳೂ ಬೇಕು. ಕಾಗೆ, ಬೆಕ್ಕು ಬರದ ಹಾಗೆ ಮೇಲೆ ಜಾಲರಿ ಮುಚ್ಚಿ.

೨. ಊಟ: ಎರೆಹುಳು, ಸಣ್ಣ ಮೀನು, ಆಮೆಗೆಂದೇ ಮಾಡಿದ ಕಾಳು, ಸ್ವಲ್ಪ ಸೊಪ್ಪು. ಮರಿಗೆ ದಿನಕ್ಕೊಮ್ಮೆ, ಅದರ ತಲೆಯಷ್ಟು ಗಾತ್ರ ಸಾಕು. ಅನ್ನ, ಬನ್ನು, ಹಾಲು ಬೇಡ.

೩. ನೀರು: ಉಳಿದ ತಿಂಡಿ ತೆಗೆದು, ನೀರು ಬದಲಾಯಿಸುತ್ತಿರಿ. ಆ ನೀರನ್ನು ಅಡಿಗೆಮನೆಯಲ್ಲಿ ಚೆಲ್ಲಬೇಡಿ. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಆಮೆಯಿಂದ ಸಾಲ್ಮೊನೆಲ್ಲಾ ಎಂಬ ರೋಗಾಣು ಹರಡಿ ಭೇದಿ ಬರುತ್ತದೆ. ಇದೇ ಕಾರಣಕ್ಕೆ ಅಮೆರಿಕದಲ್ಲಿ ೧೯೭೫ರಲ್ಲೇ ಸಣ್ಣ ಆಮೆಗಳನ್ನು ಸಾಕಲು ಮಾರುವುದನ್ನು ನಿಷೇಧಿಸಿದರು.

೪. ರಜಾ: ಎರಡು ದಿನ ಊರಿಗೆ ಹೋದರೆ ಆರೋಗ್ಯವಾಗಿರುವ ಮರಿ ಉಪವಾಸ ತಡೆಯುತ್ತದೆ. ಎರಡು ದಿನದ ತಿಂಡಿ ಒಟ್ಟಿಗೆ ಸುರಿದರೆ ನೀರು ಕೊಳೆತು ಕಾಯಿಲೆ ಬರುತ್ತದೆ. ಹೆಚ್ಚು ದಿನವಾದರೆ ಪಕ್ಕದ ಮನೆಯವರಿಗೆ ಒಪ್ಪಿಸಿ. ದಿನಕ್ಕೊಂದರಂತೆ ಕಾಳಿನ ಪೊಟ್ಟಣ ಕಟ್ಟಿಕೊಡಿ. ನೀರು ಬದಲಾಯಿಸುವುದನ್ನು ಒಂದು ಸಲ ಮಾಡಿ ತೋರಿಸಿ.

ಈ ಪರದೇಶದ ಆಮೆಯನ್ನು ಕೆರೆಗೆ ಮಾತ್ರ ಬಿಡಬೇಡಿ. ಅದು ನಮ್ಮ ಆಮೆಗಳ ತಿಂಡಿ, ಜಾಗ ಕಿತ್ತುಕೊಳ್ಳುತ್ತದೆ, ರೋಗವನ್ನೂ ಹರಡಬಹುದು. ಬೇರೆ ನಾಡಿಗೆ ಹೋಗಿ ಹಾಳು ಮಾಡುವ ಜಗತ್ತಿನ ನೂರು ಜೀವಿಗಳ ಪಟ್ಟಿಯಲ್ಲಿ ಇದರ ಹೆಸರೂ ಇದೆ. ಇನ್ನೂ ತರದೇ ಇರುವವರು ತರದಿದ್ದರೇ ಒಳ್ಳೆಯದು.

ರಜೆಯಲ್ಲಿ ಊರಲ್ಲೇ ಇರುವವರು, ಗೆಳೆಯರ ಆಮೆ ನೋಡಿಕೊಳ್ಳಲು ಮನಸ್ಸಿದ್ದರೆ ಈ ಹಾಳೆಯ ಕೆಳಗೆ ಹೆಸರು ಬರೆಯಿರಿ. ಮೊದಲ ಹೆಸರು ನಾನೇ ಬರೆದಿದ್ದೇನೆ.