ಕದಲದೆ ಕುಳಿತ ಮೊಲದ ಮರಿ

ಮಧುಗಿರಿ ಕಡೆಯ ಓದುಗರೊಬ್ಬರು ಫೋಟೊ ಕಳಿಸಿ ಮೂರು ಪ್ರಶ್ನೆ ಕೇಳಿದ್ದಾರೆ. ಶೇಂಗಾ ಹೊಲದ ಬದುವಿನಲ್ಲಿ ಅಂಗೈಯಲ್ಲಿ ಹಿಡಿಸುವಷ್ಟು ಪುಟ್ಟ ಕಾಡುಮೊಲದ ಮರಿ. ಕಿವಿ ಬೆನ್ನಿಗೆ ಅಂಟಿಸಿಕೊಂಡಿದೆ, ಹಣೆಯ ಮೇಲೊಂದು ಬಿಳಿ ಚುಕ್ಕೆ, ಮೀಸೆಯ ಎಳೆಗಳನ್ನು ಬೇಕಾದರೆ ಎಣಿಸಬಹುದು. ಮೊಬೈಲನ್ನು ಗೇಣು ದೂರಕ್ಕೆ ಹಿಡಿದರೂ ಅದು ಮಿಸುಕಲಿಲ್ಲವಂತೆ. ಇದಕ್ಕೆ ಹೆದರಿಕೆಯೇ ಇಲ್ಲವೇ? ತಾಯಿ ಬಿಟ್ಟುಹೋಗಿದೆಯೇ? ಮನೆಗೆ ತಂದು ಸಾಕಲೇ?

ಹೆದರಿಕೆ ಇದೆ, ತಾಯಿಯೂ ಇದೆ, ದಯವಿಟ್ಟು ತರಬೇಡಿ.

ಪೇಟೆಯಲ್ಲಿ ಪಂಜರದಲ್ಲಿಟ್ಟು ಮಾರುವ ಬಿಳಿ ಮೊಲದ ಕುಲವೇ ಬೇರೆ. ಅದರ ಮರಿಗಳು ಹುಟ್ಟುವಾಗ ಮೈಮೇಲೆ ಕೂದಲಿರುವುದಿಲ್ಲ, ಕಣ್ಣು ಬಿಡಲು ಸುಮಾರು 10 ದಿನ ಬೇಕು. ನಮ್ಮ ಹೊಲಗಳ ಕಾಡುಮೊಲ, ಲೆಪಸ್ ನೈಗ್ರಿಕೋಲಿಸ್, ಬಿಲ ತೋಡುವ ಗೋಜಿಗೇ ಹೋಗುವುದಿಲ್ಲ. ಹುಲ್ಲಿನ ಮರೆಯಲ್ಲಿ ಬಯಲಲ್ಲೇ ಮರಿ ಹಾಕುತ್ತದೆ. ಮರಿಗೆ ಹುಟ್ಟುವಾಗಲೇ ಮೈತುಂಬ ಕೂದಲು, ತೆರೆದ ಕಣ್ಣು.

ಇನ್ನು ತಾಯಿಯ ವಿಷಯ. ಇದು ನನಗೆ ಎಷ್ಟು ಸಲ ಹೇಳಿದರೂ ಸಾಲದು. ಮರಿಯ ಪಕ್ಕದಲ್ಲಿ ತಾಯಿ ಹಗಲೆಲ್ಲ ಕುಳಿತರೆ ಅದರ ವಾಸನೆಯೇ ನರಿಗೂ ಮುಂಗುಸಿಗೂ ದಾರಿ ತೋರಿಸುತ್ತದೆ. ಅದಕ್ಕೇ ದೂರ ಇರುತ್ತದೆ. ಇದರ ಹತ್ತಿರದ ಬಂಧು ಯೂರೋಪಿನ ಕಂದು ಮೊಲವನ್ನು ರಾತ್ರಿಯಿಡೀ ಕಾದು ನೋಡಿದವರಿದ್ದಾರೆ. ಬೇರೆ ಬೇರೆ ಕಡೆ ಅಡಗಿದ್ದ ಮರಿಗಳು ಸೂರ್ಯ ಮುಳುಗಿದ ಮೇಲೆ ಹುಟ್ಟಿದ ಜಾಗಕ್ಕೇ ಬಂದು ಸೇರುತ್ತವೆ, ತಾಯಿ ಬರುತ್ತದೆ, ಕೆಲವೇ ನಿಮಿಷ ಹಾಲೂಡಿಸಿ ಹೊರಟುಬಿಡುತ್ತದೆ. ದಿನಕ್ಕೆ ಒಂದೇ ಹೊತ್ತು! ಆ ಹಾಲಿನಲ್ಲಿ ಹಸುವಿನ ಹಾಲಿಗಿಂತ ಹಲವು ಪಟ್ಟು ಜಿಡ್ಡಿರುವುದರಿಂದ ಅಷ್ಟೇ ಸಾಕಾಗುತ್ತದೆ. ಉಳಿದ ಹೊತ್ತು ಮರಿಯ ಕೆಲಸ ಒಂದೇ, ಕದಲದೆ ಕೂರುವುದು. ನಾವು ಧೈರ್ಯ ಎಂದುಕೊಳ್ಳುವ ಆ ನಿಶ್ಚಲತೆಯೇ ಅದರ ರಕ್ಷಣೆ. ಪಾಪ ಎಂದು ಮನೆಗೆ ಒಯ್ದು ಹಸುವಿನ ಹಾಲು ಕುಡಿಸಿದ ಮರಿಗಳಲ್ಲಿ ಬದುಕುವವು ತೀರಾ ಕಡಿಮೆ. ಇತ್ತ ಸಂಜೆ ತಾಯಿ ಬಂದು ಹುಡುಕುತ್ತದೆ.

ಬೆಳೆದ ಮೊಲದ ಪಾಡೂ ಬೇರೆಯಲ್ಲ. ಚಿತ್ರದುರ್ಗದ ಕಡೆ ಕೆಲವು ಊರುಗಳಲ್ಲಿ ಸಂಕ್ರಾಂತಿಗೆ ಮೊಲ ಹಿಡಿದು, ಪೂಜಿಸಿ, ಮತ್ತೆ ಕಾಡಿಗೆ ಬಿಡುತ್ತಾರೆ. ಕೊಲ್ಲಲಿಲ್ಲವಲ್ಲ ಎಂಬ ಸಮಾಧಾನ ಅವರಿಗೆ. ಬೆನ್ನಟ್ಟಿ ಬಲೆಗೆ ಕೆಡವಿ, ಗದ್ದಲದ ನಡುವೆ ಕೈಯಿಂದ ಕೈಗೆ ದಾಟಿಸಿದ ಮೊಲ, ಮೈಮೇಲೆ ಒಂದು ಗಾಯವಿಲ್ಲದಿದ್ದರೂ, ಆ ಗಾಬರಿಗೇ ಸಾಯಬಹುದು. ಅದು ಅಡ್ಡ ಬಂದರೆ ಅಪಶಕುನ ಎಂದು ದಾರಿಯಲ್ಲಿ ಕಲ್ಲು ಬೀಸುವವರಿಗಂತೂ ಏನು ಹೇಳುವುದು? ಊರವರ ಮುಂದೆ ಇದನ್ನೆಲ್ಲ ಎತ್ತಿದರೆ ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುತ್ತಾರೆ. ಆದರೂ ಹೇಳಲೇಬೇಕು.

ಹಾಗಾದರೆ ಹತ್ತಿರದ ಫೋಟೊ ತೆಗೆಯುವುದು ಹೇಗೆ? ಹಿಂದಿನಿಂದ ಮೆಲ್ಲಗೆ ಹೋಗುವ ಉಪಾಯ ನಡೆಯುವುದಿಲ್ಲ. ತಲೆಯ ಎರಡು ಪಕ್ಕದಲ್ಲಿ, ಎತ್ತರದಲ್ಲಿ ಕೂತ ಆ ದೊಡ್ಡ ಕಣ್ಣುಗಳಿಗೆ ಹೆಚ್ಚುಕಡಿಮೆ 360 ಡಿಗ್ರಿಯೂ ಕಾಣುತ್ತದೆ. ಕತ್ತು ತಿರುಗಿಸದೆಯೇ ಬೆನ್ನ ಹಿಂದಿನ ನಿಮ್ಮನ್ನೂ, ತಲೆಯ ಮೇಲಿನ ಹದ್ದನ್ನೂ ಅದು ನೋಡುತ್ತಿರುತ್ತದೆ. ಕಾಣದ ಜಾಗ ಎಲ್ಲಿದೆ ಗೊತ್ತೇ? ಮೂಗಿನ ತುದಿಯ ನೇರ ಎದುರಿಗೆ! ತಾನು ತಿನ್ನುವ ಗರಿಕೆಯ ಎಸಳನ್ನೇ ಮೊಲ ನೋಡಲಾರದು. ಮೀಸೆ ತುಟಿಗಳಿಂದ ತಡಕಿ, ಮೂಸಿ ಕಚ್ಚುತ್ತದೆ. ಟೆಲಿ ಲೆನ್ಸಿನಲ್ಲಿ ಆ ಸೀಳುತುಟಿಯ ಕೆಲಸ ನೋಡುವುದೇ ಒಂದು ಸುಖ.

ಆದ್ದರಿಂದ ನೀವೇ ಮೊಲದ ಹಾಗೆ ಕದಲದೆ ಕೂರಿ. ಮೈದನಹಳ್ಳಿಯ ಜಯಮಂಗಲಿ ಹುಲ್ಲುಗಾವಲಿನಂಥ ಕಡೆ, ಹೊತ್ತು ಇಳಿಯುವ ಮೊದಲೇ ಗಾಳಿಗೆ ಎದುರಾಗಿ ನೆಲಕ್ಕಂಟಿ ಕೂತರೆ, ಮೇಯುತ್ತ ಮೇಯುತ್ತ ಅದೇ ಹತ್ತಿರ ಬರುವುದುಂಟು. ಕಿವಿಗಳು ನೆಟ್ಟಗೆ ನಿಂತವೆಂದರೆ ಗುಂಡಿ ಒತ್ತುವುದನ್ನೂ ನಿಲ್ಲಿಸಿ, ಮತ್ತೆ ಮೇಯಲು ಶುರುಮಾಡಿದ ಮೇಲೆ ಮುಂದುವರಿಸಿ. ಸೂರ್ಯ ಮೊಲದ ಹಿಂದಿರಲಿ. ಆಗ ಕಿವಿಯ ತೆಳು ಚರ್ಮದೊಳಗೆ ಕವಲೊಡೆದ ರಕ್ತನಾಳಗಳು ಕೆಂಪಗೆ ಕಾಣುತ್ತವೆ. ಬೇಸಿಗೆಯಲ್ಲಿ ಮೊಲ ಮೈಯ ಬಿಸಿಯನ್ನು ಹೊರಗೆ ಬಿಡುವುದು ಅವುಗಳ ಮೂಲಕವೇ. ಕತ್ತಲಾದ ಮೇಲೆ ಮಾತ್ರ ಟಾರ್ಚ್ ಹಾಕಬೇಡಿ, ಫ್ಲಾಶ್ ಕೂಡ ಬೇಡ. ಬೆಳಕು ಬಿಟ್ಟು ಮೊಲವನ್ನು ಕಂಗೆಡಿಸಿ ನಿಲ್ಲಿಸುವುದು ಕಳ್ಳಬೇಟೆಯವರ ಪದ್ಧತಿ, ಆ ಬೇಟೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.