ಅಪ್‌ಡೇಟ್ ಆದಮೇಲೆ ಉಬುಂಟು ಓಪನ್ ಆಗ್ತಿಲ್ವಾ? ಫಾರ್ಮ್ಯಾಟ್ ಮಾಡಿಸೋ ಮುಂಚೆ ಇದನ್ನು ಓದಿ

ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದು ಕಂಪ್ಯೂಟರ್ ಆನ್ ಮಾಡಿದರೆ ಬರೀ ಕಪ್ಪು ಸ್ಕ್ರೀನ್. ಹಿಂದಿನ ರಾತ್ರಿ ಅಪ್‌ಡೇಟ್ ಕೊಟ್ಟು ಹೋಗಿದ್ದಷ್ಟೇ. ಜೆರಾಕ್ಸ್ ಅಂಗಡಿ, ಸೈಬರ್ ಸೆಂಟರ್‌ಗಳಲ್ಲಿ ಉಬುಂಟು ಬಳಸುವವರಿಗೆ ಈ ತೊಂದರೆ ಬರುವುದುಂಟು. ಗಾಬರಿಯಲ್ಲಿ ಫಾರ್ಮ್ಯಾಟ್ ಮಾಡಿಸಿದರೆ ಬಿಲ್, ಗಿರಾಕಿಗಳ ಫೈಲ್ ಎಲ್ಲಾ ಹೋಗುತ್ತೆ.

ಯಾಕೆ ಹೀಗಾಗುತ್ತೆ?
ಅಪ್‌ಡೇಟ್ ಮಧ್ಯೆ ಕರೆಂಟ್ ಹೋಗಿರಬಹುದು. ಡಿಸ್ಕ್‌ನಲ್ಲಿ ಜಾಗ ಖಾಲಿಯಾಗಿರಬಹುದು. ಇಲ್ಲವೇ ಹೊಸ ಕರ್ನಲ್‌ಗೆ, ಅಂದರೆ ಲಿನಕ್ಸ್‌ನ ಮೂಲ ಭಾಗಕ್ಕೆ, ಗ್ರಾಫಿಕ್ಸ್ ಕಾರ್ಡ್‌ನ ಡ್ರೈವರ್ ಹೊಂದಿಕೆ ಆಗಿರಲ್ಲ.

ಏನು ಮಾಡಬೇಕು?
1. ರೀಸ್ಟಾರ್ಟ್ ಮಾಡಿ, ಕಂಪನಿ ಲೋಗೊ ಹೋದ ತಕ್ಷಣ ಎಸ್ಕೇಪ್ ಕೀ ಒತ್ತಿ. ಹಳೇ ಮಷಿನ್ ಆದರೆ ಶಿಫ್ಟ್ ಒತ್ತಿ ಹಿಡಿಯಿರಿ. ‘ಗ್ರಬ್’ ಮೆನು ಬರುತ್ತೆ.
2. ‘ಅಡ್ವಾನ್ಸ್ಡ್ ಆಪ್ಷನ್ಸ್ ಫಾರ್ ಉಬುಂಟು’ ಆರಿಸಿ. ಕಡಿಮೆ ನಂಬರ್‌ನ ಹಳೇ ಕರ್ನಲ್ ಮೇಲೆ ಎಂಟರ್ ಕೊಡಿ. ಉಬುಂಟು ಸಾಮಾನ್ಯವಾಗಿ ಹಳೇದನ್ನು ಉಳಿಸಿಕೊಂಡಿರುತ್ತೆ. ಓಪನ್ ಆದರೆ ಸದ್ಯಕ್ಕೆ ಅದರಲ್ಲೇ ಕೆಲಸ ನಡೆಸಬಹುದು.
3. ಆಗಲಿಲ್ಲವೇ? ಅದೇ ಪಟ್ಟಿಯ ‘ರಿಕವರಿ ಮೋಡ್’ಗೆ ಹೋಗಿ. ‘ಕ್ಲೀನ್’ ಜಾಗ ಮಾಡಿಕೊಡುತ್ತೆ, ‘ಡಿಪಿಕೆಜಿ’ ಅರ್ಧಕ್ಕೆ ನಿಂತ ಅಪ್‌ಡೇಟ್ ಸರಿಪಡಿಸಲು ನೋಡುತ್ತೆ. ಆಮೇಲೆ ರೀಸ್ಟಾರ್ಟ್ ಮಾಡಿ.
4. ಅದಕ್ಕೂ ಬಗ್ಗದಿದ್ದರೆ ಉಬುಂಟು ಹಾಕಿದ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ. ‘ಟ್ರೈ ಉಬುಂಟು’ ಆರಿಸಿ, ಫೈಲ್‌ಗಳನ್ನು ಬೇರೆ ಡಿಸ್ಕ್‌ಗೆ ಕಾಪಿ ಮಾಡಿಕೊಳ್ಳಿ. ‘ಇನ್‌ಸ್ಟಾಲ್’ ಮುಟ್ಟಬೇಡಿ.

ಡೆಸ್ಕ್‌ಟಾಪ್ ಬರಲಿಲ್ಲ ಅಂದಮಾತ್ರಕ್ಕೆ ಫೈಲ್ ಹೋಯ್ತು ಅಂತಲ್ಲ. ರಿಪೇರಿಗೆ ಕೊಟ್ಟರೂ ‘ಮೊದಲು ಡೇಟಾ ತೆಗೀರಿ’ ಅಂತ ಹೇಳಿಯೇ ಕೊಡಿ. ಮುಂದೆ ಅಪ್‌ಡೇಟ್ ಮಾಡುವಾಗ ಯುಪಿಎಸ್ ಇರಲಿ, ಬ್ಯಾಕಪ್ ತಪ್ಪದಿರಲಿ.